ಬೆರಕೆ ಸೊಪ್ಪಿನ ಬಸ್ಸಾರು

ಹುಣಸೂರು, ಪಿರಿಯಾಪಟ್ಟಣದ ಕಡೆ ಮಳೆ ಹಿಡಿಯಿತೆಂದರೆ ಹೆಂಗಸರು ಹೊಲದ ಬದುವಿಗೆ ಬರಿಗೈಲಿ ಹೋಗಿ ಮಡಿಲು ತುಂಬಿಕೊಂಡು ಬರುತ್ತಾರೆ. ಅಣ್ಣೆ, ಗಣಿಕೆ, ಹೊನಗೊನ್ನೆ, ಕಿರಕೀರೆ, ಗೋಣಿ: ಯಾರೂ ಬಿತ್ತದ ಸೊಪ್ಪುಗಳು. ಕುಡಿಯನ್ನಷ್ಟೇ ಚಿವುಟಬೇಕು, ಬುಡ ಕಿತ್ತರೆ ಅತ್ತೆಯಿಂದ ಬೈಗುಳ ಖಾತ್ರಿ.

ಸೊಪ್ಪನ್ನು ಹುರುಳಿಯದೋ ಅವರೆಯದೋ ಕಾಳಿನ ಜೊತೆ ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟನ್ನು ಚೆಲ್ಲುವ ಮಾತೇ ಇಲ್ಲ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕಾಯಿತುರಿ, ಹುಣಸೆಹಣ್ಣು, ಜೊತೆಗೊಂದು ಹಿಡಿ ಬೆಂದ ಸೊಪ್ಪುಕಾಳು. ಇಷ್ಟನ್ನು ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಬಿದ್ದರೆ ಪಲ್ಯ. ಮಾರನೇ ದಿನದ ಸಾರು ಇನ್ನೂ ರುಚಿ, ಇದರಲ್ಲಿ ನನಗೆ ಅನುಮಾನವಿಲ್ಲ.

ಪೌಷ್ಟಿಕತೆಯ ಸಲಹೆ ಕೇಳಲು ಹೋದವರಿಗೆ ಸಿಗುವ ಪಟ್ಟಿಯ ಮುಕ್ಕಾಲು ಪಾಲು ಈ ತಟ್ಟೆಯಲ್ಲೇ ಇದೆ. ಬೇಯುವಾಗ ನೀರಿಗಿಳಿಯುವ ಫೋಲೇಟ್, ಪೊಟ್ಯಾಸಿಯಂ ಸಾರಿನಲ್ಲೇ ಉಳಿಯುತ್ತವೆ. ಕಾಳಿನಿಂದ ಪ್ರೋಟೀನು. ಸಾರಿನ ಜೊತೆ ಉಣ್ಣುವ ಮುದ್ದೆಗೆ ಹಾಕುವ 100 ಗ್ರಾಂ ರಾಗಿಹಿಟ್ಟಿನಲ್ಲಿ 300 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ. ಕೊರತೆ ಒಂದೇ, ಸೊಪ್ಪಿನ ಕಬ್ಬಿಣಾಂಶ ಸುಲಭವಾಗಿ ಮೈಗೆ ಹತ್ತುವುದಿಲ್ಲ. ತಟ್ಟೆಗೆ ನಿಂಬೆಹಣ್ಣು ಹಿಂಡಿಕೊಂಡು, ಉಂಡ ಕೂಡಲೇ ಕಾಫಿ ಕುಡಿಯದಿದ್ದರೆ ಅದಕ್ಕೂ ದಾರಿಯಾಗುತ್ತದೆ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಬಂತು; ಆ ಊಟಕ್ಕೆ ವಾರಕ್ಕೊಮ್ಮೆಯಾದರೂ ಬಸ್ಸಾರು ಬಡಿಸಿದರೆ ನನ್ನ ಪೂರ್ತಿ ಮತ.

ಸೊಪ್ಪು ಹುಡುಕುವ ಮಾತಿಗೆ ಬಂದರೆ, ಎಚ್.ಡಿ. ಕೋಟೆಯ ಹಾಡಿಗಳ ಜೇನುಕುರುಬರಿಗೆ ಕಾಡಿನ ಸೊಪ್ಪು, ಗೆಡ್ಡೆಗಳ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು. ನೀವೇ ಹೊರಟರೆ ಹೊಗೆಸೊಪ್ಪಿನ ಹೊಲದಲ್ಲಿ ಮಾತ್ರ ಸೊಪ್ಪು ಕುಯ್ಯಬೇಡಿ. ಔಷಧಿ ಹೊಡೆದಿರುತ್ತಾರೆ, ಮತ್ತು ಈ ಸೀಮೆಯಲ್ಲಿ ಅಂಥ ಹೊಲಗಳಿಗೆ ಬರವಿಲ್ಲ.