ಕಿಲುಬು ಹಚ್ಚಿದ ಕಾಸು

ನಕಲಿ ನಾಣ್ಯ ಮಾಡುವವನಿಗೆ ಇತಿಹಾಸ ಗೊತ್ತಿರಬೇಕಾಗಿಲ್ಲ, ಕೊಳ್ಳುವವನ ಮನಸ್ಸು ಗೊತ್ತಿದ್ದರೆ ಸಾಕು. ಹಳೆಯ ನಾಣ್ಯವೆಂದರೆ ದಪ್ಪಗಿರಬೇಕು, ಕಿಲುಬು ಹಿಡಿದಿರಬೇಕು, ಆದರೂ ಚಿತ್ರ ಎದ್ದು ಕಾಣಬೇಕು, ಇಸವಿ ಓದಲು ಬರಬೇಕು. ದೇವರಿದ್ದರಂತೂ ಇನ್ನೂ ಒಳ್ಳೆಯದು. ಪ್ರವಾಸಿಯ ತಲೆಯೊಳಗಿನ ಈ ಪಟ್ಟಿಗೆ ತಕ್ಕಂತೆ ಎರಕ ಹೊಯ್ದು, ‘ಹೊಲ ಉಳುವಾಗ ಸಿಕ್ಕಿದ್ದು ಸಾರ್’ ಎಂಬ ಕತೆ ಸೇರಿಸಿ ಮಾರುತ್ತಾರೆ.

ಪಟ್ಟಿಯಲ್ಲಿರುವುದನ್ನೆಲ್ಲ ಒಂದೇ ಬಿಲ್ಲೆಗೆ ತುಂಬಿದ್ದು 1818ರ ‘ಈಸ್ಟ್ ಇಂಡಿಯಾ ಕಂಪನಿ ಒಂದಾಣೆ’. ಒಂದು ಬದಿಗೆ ರಾಮಪಟ್ಟಾಭಿಷೇಕವೋ ಹನುಮಂತನೋ, ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ ಕಂಪನಿಯ ಹೆಸರು. ಕಂಪನಿ ಒಂದಾಣೆಯ ನಾಣ್ಯವನ್ನೇ ಹೊರಡಿಸಿರಲಿಲ್ಲ. ಅದು ಚಲಾವಣೆಗೆ ಬಂದದ್ದು 20ನೇ ಶತಮಾನದಲ್ಲಿ, ಏಳನೇ ಎಡ್ವರ್ಡ್ ಕಾಲಕ್ಕೆ. 1818ರಲ್ಲಿ ಬಂಗಾಳದ ಕಂಪನಿ ರೂಪಾಯಿಯ ಮೇಲೆ ಇನ್ನೂ ಮೊಘಲ್ ದೊರೆ ಷಾ ಆಲಮನ ಹೆಸರೇ ಪಾರ್ಸಿಯಲ್ಲಿತ್ತು. ಹಾಗೆಂದು ಕಂಪನಿ ದೇವರನ್ನು ಅಚ್ಚು ಹಾಕಲೇ ಇಲ್ಲವೆನ್ನುವಂತಿಲ್ಲ. ಮದರಾಸಿನಲ್ಲಿ ಅದು ಹೊರಡಿಸಿದ ‘ಮೂರು ಸ್ವಾಮಿ ಪಗೋಡ’ದ ಮೇಲೆ ವೆಂಕಟೇಶ್ವರ ಇಬ್ಬರು ದೇವಿಯರೊಂದಿಗೆ ನಿಂತಿದ್ದಾನೆ. ಆದರೆ ಅದು ಸಣ್ಣ ಚಿನ್ನದ ನಾಣ್ಯ, ಇಂಗ್ಲಿಷ್ ಅಕ್ಷರವೂ ಇಲ್ಲ, ಇಸವಿಯೂ ಇಲ್ಲ. 1818ರ ಬಿಲ್ಲೆಯನ್ನೇ ‘ಅಕ್ಕಿ ಎಳೆಯುವ’ ಪವಾಡದ ನಾಣ್ಯವೆಂದು ಲಕ್ಷಗಟ್ಟಲೆಗೆ ಕಟ್ಟುವವರೂ ಇದ್ದಾರೆ, ಅದು ಪೊಲೀಸರ ಅಂಕಣಕ್ಕೆ ಸೇರಿದ್ದು.

ಅಸಲಿ ನಾಣ್ಯ ಮೊದಲ ನೋಟಕ್ಕೆ ನಿರಾಸೆ ಮಾಡುತ್ತದೆ. ಕೃಷ್ಣದೇವರಾಯನ ವರಹವೆಂದರೆ ಬೊಗಸೆ ತುಂಬುವ ಬಿಲ್ಲೆಯೆಂದುಕೊಂಡವರಿಗೆ ನಿಜವಾದ ವರಹದ ತೂಕ ಸುಮಾರು 3.4 ಗ್ರಾಂ, ಅರ್ಧ ವರಹದ್ದು 1.7 ಗ್ರಾಂ ಎಂದರೆ ನಂಬಿಕೆಯೇ ಬರುವುದಿಲ್ಲ. ‘ಹಣ’ವಂತೂ ಅರ್ಧ ಗ್ರಾಮಿಗಿಂತ ಕಡಿಮೆ, ಮಸೂರ ಬೇಳೆಯಷ್ಟು. ವರಹದ ಕಿರಿದಾದ ಜಾಗದಲ್ಲಿ ಒಂದು ಬದಿಗೆ ಕುಳಿತ ಬಾಲಕೃಷ್ಣ, ಇನ್ನೊಂದು ಬದಿಗೆ ಮೂರು ಸಾಲು ನಾಗರಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’. ಕೈಯಿಂದ ಬಡಿದ ಅಚ್ಚಾದ್ದರಿಂದ ಒಂದೆರಡು ಅಕ್ಷರ ಅಂಚಿನಾಚೆ ಹೋಗಿರುವುದೇ ಹೆಚ್ಚು. ನಕಲಿಯಲ್ಲಿ ಎಲ್ಲವೂ ನಟ್ಟನಡುವೆ ಬಂದು ಕೂತಿರುತ್ತದೆ.

ಟಿಪ್ಪುವಿನ ಆನೆ ಕಾಸಿನ ಮಾತೇ ಬೇರೆ. ಪಟ್ಟಣ (ಶ್ರೀರಂಗಪಟ್ಟಣ), ನಗರ (ಬಿದನೂರು) ಮೊದಲಾದ ಹಲವು ಟಂಕಸಾಲೆಗಳಲ್ಲಿ ಇವು ರಾಶಿರಾಶಿಯಾಗಿ ತಯಾರಾದವು. ಸವೆದ ತಾಮ್ರದ ಅಸಲಿ ಕಾಸು ಇಂದಿಗೂ ದುಬಾರಿಯಲ್ಲ. ನಕಲಿಗೆ ಕೊಡುವ ಬೆಲೆಗೇ ಅಸಲಿ ಸಿಗಬಹುದಾದಾಗ ಜನ ನಕಲಿ ಕೊಳ್ಳುವುದು ನಾಣ್ಯ ಸಂಗ್ರಹವೆಂಬ ಹವ್ಯಾಸದ ದೊಡ್ಡ ತಮಾಷೆ. ಟಿಪ್ಪು 1787ರ ಹೊತ್ತಿಗೆ ಮೌಲೂದಿ ಎಂಬ ಹೊಸ ಶಕೆ ತಂದು, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಇದನ್ನರಿಯದ ನಕಲಿಗಾರ ಇಸವಿಯಲ್ಲೇ ಸಿಕ್ಕಿಬೀಳುತ್ತಾನೆ. ಆದರೆ ಅಸಲಿಯಿಂದಲೇ ಅಚ್ಚು ತೆಗೆದು ಎರಕ ಹೊಯ್ದವನು ಹಾಗೆ ಸಿಕ್ಕುವುದಿಲ್ಲ. ಅವನನ್ನು ಹಿಡಿಯಲು ಭೂತಗನ್ನಡಿ ಬೇಕು: ಮೈಮೇಲೆ ಗಾಳಿಗುಳ್ಳೆಯ ಸಣ್ಣ ಕುಳಿಗಳು, ಅಂಚಿನ ಸುತ್ತ ಜೋಡಣೆಯ ಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು, ಸೋಪಿನಂತೆ ನುಣುಪಾದ ಅಕ್ಷರ. ಎರಡು ಕಾಸುಗಳಲ್ಲಿ ಒಂದೇ ಜಾಗಕ್ಕೆ ಒಂದೇ ಬಗೆಯ ಗಾಯವಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಇನ್ನೂರು ವರ್ಷದ ಸವೆತ ಅವಳಿಗಳನ್ನು ಉಳಿಸುವುದಿಲ್ಲ.

ಸಂಗ್ರಾಹಕರಿಗೆಂದೇ ತಯಾರಾಗುವ ನಕಲಿಗಳು ಇನ್ನೂ ಜಾಣ. ಅವು ಎರಕವಲ್ಲ, ಹೊಸ ಅಚ್ಚಿನಿಂದ ಬಡಿದವು. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಈ ವಿದ್ಯೆಯಲ್ಲಿ ಪ್ರವೀಣ. ತನ್ನ ಹೊಸ ‘ಪ್ರಾಚೀನ’ ನಾಣ್ಯಗಳನ್ನು ಕಬ್ಬಿಣದ ಪುಡಿಯ ಪೆಟ್ಟಿಗೆಯಲ್ಲಿ ಹಾಕಿ, ಕುದುರೆಗಾಡಿಯಲ್ಲಿ ಸುತ್ತಾಡಿಸಿ ಸವೆಸುತ್ತಿದ್ದನೆಂದು ಹೇಳುತ್ತಾರೆ. ಅಂಥವನ ಎದುರು ತೂಕ, ಲೋಹ, ಅಕ್ಷರದ ಓರೆಕೋರೆ ಮೂರನ್ನೂ ಒಟ್ಟಿಗೆ ನೋಡಬೇಕು.

ಇಷ್ಟಾದರೂ ಮೋಸಹೋದವರು ದೂರು ಕೊಡುವುದು ಅಪರೂಪ. ಮಾರಾಟಗಾರನ ಕತೆ ನಿಜವೇ ಆಗಿದ್ದರೆ ಅದು ನಿಧಿ. 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕಾದದ್ದು. ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದಕ್ಕೆ 1972ರ ಪುರಾವಸ್ತು ಕಾಯ್ದೆಯೇ ಅಡ್ಡ. ಅಂದರೆ ಕೊಳ್ಳುವವನು ತಾನು ಕಳವಿನ ಮಾಲನ್ನು ಅಗ್ಗಕ್ಕೆ ಪಡೆಯುತ್ತಿದ್ದೇನೆಂದು ಒಳಗೊಳಗೇ ನಂಬಿರುತ್ತಾನೆ. ಆ ನಂಬಿಕೆಯೇ ನಕಲಿಗಾರನ ಕಾವಲು ನಾಯಿ.

ಹೊಸದಾಗಿ ಸಂಗ್ರಹಕ್ಕೆ ಇಳಿಯುವವರು ಮೊದಲು ಹಂಪಿ ಬಳಿಯ ಕಮಲಾಪುರದ ಪುರಾತತ್ವ ಸಂಗ್ರಹಾಲಯದಲ್ಲೊಮ್ಮೆ ನಿಂತು ಅಸಲಿಗಳ ಗಾತ್ರವನ್ನು ಕಣ್ಣಿಗೆ ರೂಢಿಸಿಕೊಳ್ಳಲಿ. ಎ.ವಿ. ನರಸಿಂಹಮೂರ್ತಿಯವರ ಕರ್ನಾಟಕ ನಾಣ್ಯಗಳ ಪುಸ್ತಕ ತಿರುವಿಹಾಕಲಿ. ಮೊದಲ ಖರೀದಿಗೆ ಚಿನ್ನ ಬೇಡ, ಸವೆದ ತಾಮ್ರ ಸಾಕು. ವಾಪಸು ಪಡೆಯುವ ಭರವಸೆಯನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆಯಲು ಹಿಂಜರಿದವನ ಜೊತೆ ಚೌಕಾಸಿ ಬೇಡ.