ಒಂದೇ ವರ್ಷದ ಎರಡು ನೆನಪು

ಪರದೇಶದಲ್ಲಿ ಓದಿ ಬಂದವರ ಬರಹಗಳನ್ನು ನಾವು ಸಾಮಾನ್ಯವಾಗಿ ಎರಡು ಕಾರಣಕ್ಕೆ ಓದುತ್ತೇವೆ. ಅಲ್ಲಿ ಏನೇನಿದೆ ಎಂದು ತಿಳಿಯಬೇಕು, ಹೋದವರು ಎಷ್ಟು ಬದಲಾಗಿ ಬಂದರು ಎಂದು ನೋಡಬೇಕು. ಇನ್ನೊಂದು ಪ್ರಶ್ನೆಯೂ ಇದೆ, ಅದನ್ನು ಕೇಳುವವರು ಕಡಿಮೆ. ಈ ಬರಹ ಯಾರ ಕೈಗೆ ಹೋಗುತ್ತದೆ ಎಂದು ಗೊತ್ತಿದ್ದು ಬರೆಯಲಾಯಿತು? ವಿದ್ಯಾರ್ಥಿ ದೂರದ ಊರಿನ ಬಗ್ಗೆ ಬರೆಯುತ್ತಾನೆ, ಆದರೆ ಬರೆಯುವುದು ಮನೆಯವರಿಗೆ. ಮನೆಯವರ ಕಣ್ಣು ಅವನ ಲೇಖನಿಯ ಮೇಲೆ ಇದ್ದೇ ಇರುತ್ತದೆ.

ಈ ಮಾತಿಗೆ ಉರ್ದುವಿನಲ್ಲಿ ಒಂದು ಅಪರೂಪದ ಸಾಕ್ಷಿಯಿದೆ. ಅದು ಅತಿಯಾ ಫೈಝಿಯವರ 'ಝಮಾನಾ-ಎ-ತಹ್ಸೀಲ್'. ಕಲಿಕೆಯ ಕಾಲ ಎಂದು ಅದರ ಅರ್ಥ. ಇಸ್ತಾಂಬುಲ್‌ನಲ್ಲಿ 1877ರಲ್ಲಿ ಹುಟ್ಟಿದ ಅತಿಯಾ, ಮುಂಬಯಿಯ ತೈಯಬ್‌ಜಿ ಬಳಗದ ಹೆಣ್ಣುಮಗಳು. ಪರ್ದಾ ಬಿಟ್ಟು ಹೊರಗೆ ಕಾಣಿಸಿಕೊಂಡ ಮೊದಮೊದಲ ಮುಸ್ಲಿಂ ಮಹಿಳೆಯರಲ್ಲಿ ಈ ಮನೆಯ ಅಕ್ಕತಂಗಿಯರೂ ಸೇರಿದ್ದಾರೆ. 1906ರಲ್ಲಿ ಸರಕಾರದ ವಿದ್ಯಾರ್ಥಿವೇತನ ಪಡೆದು ಅತಿಯಾ ಲಂಡನ್ನಿನ ಮರಿಯಾ ಗ್ರೇ ಶಿಕ್ಷಕಿಯರ ತರಬೇತಿ ಕಾಲೇಜಿಗೆ ಹೋದರು. ವರ್ಷವೊಂದರ ಆಚೆಗೆ, 1907ರಲ್ಲಿ, ಕೋರ್ಸು ಪೂರ್ತಿ ಮಾಡದೆ ಹಿಂದಿರುಗಿದರು. ಅಲ್ಲಿದ್ದಾಗ ಬರೆದು ಕಳುಹಿಸುತ್ತಿದ್ದ ದಿನಚರಿಯನ್ನು ಅಕ್ಕ ಝೆಹ್ರಾ ಒಪ್ಪಮಾಡಿ ಲಾಹೋರಿನ 'ತಹ್ಝೀಬ್-ಎ-ನಿಸ್ವಾನ್' ಪತ್ರಿಕೆಗೆ ಕೊಟ್ಟರು. ಪುಸ್ತಕವಾದದ್ದು 1921ರಲ್ಲಿ.

ಆ ಪತ್ರಿಕೆಯ ವಿಷಯ ತಿಳಿಯದೆ ಈ ಪುಸ್ತಕ ಓದಿದರೆ ಅರ್ಧ ಮಾತ್ರ ಓದಿದಂತೆ. 1898ರಲ್ಲಿ ಸಯ್ಯದ್ ಮುಮ್ತಾಝ್ ಅಲಿ ಮತ್ತು ಅವರ ಪತ್ನಿ ಮುಹಮ್ಮದಿ ಬೇಗಂ ಸೇರಿ ಆರಂಭಿಸಿದ ಮಹಿಳಾ ವಾರಪತ್ರಿಕೆ ಅದು. ಸಂಪಾದಕಿ ಮುಹಮ್ಮದಿ ಬೇಗಂ. ಓದುಗರಲ್ಲಿ ಬಹಳ ಮಂದಿ ಪರ್ದಾದೊಳಗಿನ ಷರೀಫ್ ಮನೆತನಗಳ ಹೆಂಗಸರು. ಅವರ ಕೈಗೆ ಬಂದ ಸಂಚಿಕೆಯನ್ನು ಗಂಡಂದಿರು, ತಂದೆಯಂದಿರು ನೋಡದೆ ಇರುತ್ತಿದ್ದರೇ? ಮದುವೆಯಾಗದ ಹೆಣ್ಣುಮಗಳೊಬ್ಬಳು ಸಮುದ್ರ ದಾಟಿ ಓದುತ್ತಿದ್ದಾಳೆ. ಅವಳ ಒಂದೊಂದು ಸಾಲೂ ಉಳಿದ ಹೆಣ್ಣುಮಕ್ಕಳ ಪಾಲಿಗೆ ಒಂದೋ ದಾರಿಯಾಗಬೇಕು, ಇಲ್ಲವೇ ಬೇಲಿಯಾಗಬೇಕು. ಹಾಗೆ ಬರೆಯುವವಳಿಗೆ ಸ್ವಂತ ಸುಖದುಃಖ ಹೇಳಿಕೊಳ್ಳುವ ಸ್ವಾತಂತ್ರ್ಯ ಎಷ್ಟಿದ್ದೀತು?

ಹೀಗಾಗಿ 'ಝಮಾನಾ'ದ ಅತಿಯಾ ಮೊದಲು ವಿದ್ಯಾರ್ಥಿನಿ, ಆಮೇಲೆ ಉಳಿದದ್ದು. ಹಡಗಿನ ದಿನಗಳು, ಕಾಲೇಜಿನ ಪಾಠ, ಶಿಕ್ಷಕಿಯರ ಶಿಸ್ತು, ಲಂಡನ್ನಿನಲ್ಲಿ ನೆಲೆಸಿದ್ದ ಭಾರತೀಯರ ಮನೆಗಳು, ಕರೆದಲ್ಲಿಗೆ ಹೋಗಿಬಂದ ಕೂಟಗಳು ಇಲ್ಲಿವೆ. ಅಕ್ಕನ ಪಕ್ಕದಲ್ಲಿ ಕುಳಿತು ಮಾತಾಡಿದಂಥ ಸಲುಗೆಯ ಉರ್ದು. ಹೊಗಳುವಾಗ ಕೆಲವೊಮ್ಮೆ ಅತಿಯಾಯಿತು ಅನ್ನಿಸುತ್ತದೆ. ಅಲ್ಲಿಯ ಅಚ್ಚುಕಟ್ಟನ್ನು ಕಂಡು ನಮ್ಮವರ ಜಡತನವನ್ನು ಹಳಿಯುವುದು ಆ ಕಾಲದ ಸುಧಾರಕರೆಲ್ಲರ ರೂಢಿ, ಅತಿಯಾ ಕೂಡ ಅದರಿಂದ ಹೊರಗಿಲ್ಲ. ಆಳುವವರ ರಾಜಧಾನಿಯಲ್ಲಿ ಆಳಿಸಿಕೊಂಡವಳಾಗಿ ಇದ್ದದ್ದರ ಕಸಿವಿಸಿ ಈ ಪುಟಗಳಲ್ಲಿ ಇನ್ನಷ್ಟು ಬರಬೇಕಿತ್ತು. ಆದರೆ ಹೆಣ್ಣೊಬ್ಬಳು ಹೊಸ ಊರಿನಲ್ಲಿ ತಾನಾಗಿ ನೋಡಿ, ತೂಗಿ, ತನ್ನ ಭಾಷೆಯಲ್ಲೇ ಬರೆದ ಬಗೆ ಅಂದಿನ ಉರ್ದು ಗದ್ಯದಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ.

ಈಗ ಎರಡನೆಯ ನೆನಪಿಗೆ ಬರೋಣ. ನಲವತ್ತು ವರ್ಷ ಕಳೆದ ಮೇಲೆ, 1947ರಲ್ಲಿ, ಅತಿಯಾ ಮುಂಬಯಿಯಿಂದ ಇಂಗ್ಲಿಷಿನಲ್ಲಿ ಒಂದು ಚಿಕ್ಕ ಪುಸ್ತಕ ತಂದರು. ಹೆಸರು 'ಇಕ್ಬಾಲ್'. ಕಾಲ ಅದೇ, ಊರೂ ಅದೇ. ಆದರೆ ಶಿಕ್ಷಕಿಯರ ಕಾಲೇಜು ಇಲ್ಲಿ ಹಿಂದಕ್ಕೆ ಸರಿದಿದೆ. ನಡುವೆ ನಿಂತಿರುವವರು ಮುಹಮ್ಮದ್ ಇಕ್ಬಾಲ್. ಆಗ ಅವರು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ವಿದ್ಯಾರ್ಥಿ, ಜೊತೆಗೆ ಬ್ಯಾರಿಸ್ಟರಿಕೆಯ ಓದು. 1907ರ ಏಪ್ರಿಲ್ 1ರಂದು ಲಂಡನ್ನಿನಲ್ಲಿ ಮಿಸ್ ಬೆಕ್ ಎಂಬ ಆಂಗ್ಲ ಮಹಿಳೆಯ ಮನೆಯಲ್ಲಿ ಇವರಿಬ್ಬರ ಭೇಟಿ. ಅದೇ ತಿಂಗಳು ಕೇಂಬ್ರಿಜ್‌ಗೆ, ಸಯ್ಯದ್ ಅಲಿ ಬಿಲ್ಗ್ರಾಮಿಯವರ ಮನೆಗೆ ಪಯಣ. ಆಗಸ್ಟ್‌ನಲ್ಲಿ ಜರ್ಮನಿಯ ಹೈಡೆಲ್‌ಬರ್ಗ್. ಲಂಡನ್ನಿನ ಇಕ್ಬಾಲ್ ಚುಚ್ಚುಮಾತಿನ ಜಾಣ, ಹೈಡೆಲ್‌ಬರ್ಗಿನಲ್ಲಿ ತರುಣಿಯರಿಂದ ಜರ್ಮನ್ ಕಲಿಯುತ್ತಿದ್ದ ಇಕ್ಬಾಲ್ ವಿನಯವಂತ. ಈ ವ್ಯತ್ಯಾಸವನ್ನು ಅತಿಯಾ ಕಣ್ಣಿಗೆ ಕಟ್ಟುವಂತೆ ಬರೆಯುತ್ತಾರೆ.

ಇಷ್ಟೆಲ್ಲ ನಡೆದ ವರ್ಷದ ದಿನಚರಿಯಲ್ಲಿ, ಅಂದರೆ 'ಝಮಾನಾ'ದಲ್ಲಿ, ಇಕ್ಬಾಲರಿಗೆ ಸಿಕ್ಕಿದ್ದು ಕೆಲವೇ ಸಾಲು. ವಿದ್ವಾಂಸ, ದಾರ್ಶನಿಕ, ಕವಿ ಎಂಬ ಮರ್ಯಾದೆಯ ಪರಿಚಯ ಕೊಟ್ಟು ಲೇಖನಿ ಮುಂದೆ ಹೋಗುತ್ತದೆ.

ಇವೆರಡರಲ್ಲಿ ಯಾವುದು ನಿಜ ಎಂದು ಕೇಳುವ ವಿಮರ್ಶಕರಿದ್ದಾರೆ. ಆ ಪ್ರಶ್ನೆಯೇ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. 1907ರ ಮೌನವನ್ನು ಸುಳ್ಳು ಎನ್ನಲಾಗದು. ಪರಪುರುಷನ ಜೊತೆಗಿನ ಸಾಹಿತ್ಯದ ಹರಟೆಯನ್ನು ವಿವರವಾಗಿ ಬರೆದಿದ್ದರೆ 'ಹೆಣ್ಣುಮಕ್ಕಳನ್ನು ಓದಿಸಿದರೆ ಹೀಗೇ' ಎನ್ನಲು ಕಾದು ಕುಳಿತವರ ಬಾಯಿಗೆ ತುತ್ತಿಟ್ಟಂತಾಗುತ್ತಿತ್ತು. ಆ ಸಾಲುಗಳನ್ನು ಅತಿಯಾ ಬರೆಯಲಿಲ್ಲವೋ, ಅಕ್ಕ ತೆಗೆದರೋ, ಹೇಗಿದ್ದರೂ ಆ ಮೌನದ ಹಿಂದೆ ಬೇರೆ ಹೆಣ್ಣುಮಕ್ಕಳ ಸ್ಕೂಲಿನ ಬಾಗಿಲು ಮುಚ್ಚಬಾರದೆಂಬ ಕಾಳಜಿ ಇತ್ತೆಂದು ನಾವು ಓದುತ್ತೇವೆ. ತನ್ನ ಒಂದು ವರ್ಷದ ಕಲಿಕೆಗೆ ಅತಿಯಾ ತೆತ್ತ ಬೆಲೆ ಅದು.

1947ರಲ್ಲಿ ಆ ಭಯ ಉಳಿದಿರಲಿಲ್ಲ. ಇಕ್ಬಾಲ್ 1938ರಲ್ಲೇ ತೀರಿಕೊಂಡು ಮಹಾಕವಿಯ ಪೀಠದಲ್ಲಿದ್ದರು. ಈಗ ಓದುಗರಿಗೆ ಬೇಕಾದದ್ದು ಮಹಾಕವಿಯ ಯೌವನ, ಅತಿಯಾರ ತರಗತಿಯಲ್ಲ. ಅತಿಯಾ ಬೇಕಾದದ್ದನ್ನು ಕೊಟ್ಟರು, ತಾನು ಓದಲು ಹೋಗಿದ್ದೆ ಎಂಬುದು ಕಥೆಯ ನೆಪದಂತಾಯಿತು. ಮೊದಲ ಸಲ ಸಮಾಜಕ್ಕಾಗಿ ಕವಿಯನ್ನು ಬಿಟ್ಟವರು ಎರಡನೆಯ ಸಲ ಕವಿಗಾಗಿ ತನ್ನನ್ನೇ ಬಿಟ್ಟುಕೊಟ್ಟರು. ಈ ಎರಡನೆಯ ನಷ್ಟವೇ ದೊಡ್ಡದು ಎಂದು ನಮಗೆ ತೋರುತ್ತದೆ.

ಹಾಗೆಂದು 'ಇಕ್ಬಾಲ್' ಪುಸ್ತಕವನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿ ಇಕ್ಬಾಲ್ ಅತಿಯಾರಿಗೆ ಬರೆದ ಪತ್ರಗಳಿವೆ. 1909ರ ಏಪ್ರಿಲ್‌ನ ಪತ್ರವನ್ನು ವಿದೇಶದಿಂದ ಓದಿ ಮರಳಿದ ಪ್ರತಿಯೊಬ್ಬರೂ ಒಮ್ಮೆ ಓದಬೇಕು. ಮ್ಯೂನಿಕ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್, ಬ್ಯಾರಿಸ್ಟರ್ ಪದವಿ ಎಲ್ಲವನ್ನೂ ಹೊತ್ತು 1908ರಲ್ಲಿ ಲಾಹೋರಿಗೆ ಬಂದ ಮನುಷ್ಯ ಚಿಕ್ಕಂದಿನಲ್ಲಿ ಮನೆಯವರು ಮಾಡಿಸಿದ ಮದುವೆಯ ಕಹಿಯನ್ನು ತೋಡಿಕೊಳ್ಳುತ್ತಾನೆ, ತನಗೂ ಸುಖದ ಹಕ್ಕಿದೆ ಎನ್ನುತ್ತಾನೆ, ದೇಶವನ್ನೇ ಬಿಟ್ಟುಬಿಡುವ ಮಾತಾಡುತ್ತಾನೆ. ಯುರೋಪಿನಲ್ಲಿ ತಾನು ಕಂಡ ಇಕ್ಬಾಲ್ ಭಾರತದಲ್ಲಿ ಮತ್ತೆ ಕಾಣಲಿಲ್ಲ ಎಂಬ ಅತಿಯಾರ ಕೊರಗಿಗೆ ಈ ಪತ್ರವೇ ಆಧಾರ. ಆದರೆ ಇಕ್ಬಾಲರ ಸಂಕಟ ಎಂದ ಕೂಡಲೇ ಆ ಮದುವೆಯ ಇನ್ನೊಂದು ತುದಿಯಲ್ಲಿ ಕುಳಿತಿದ್ದ ಹೆಂಗಸಿನ ನೆನಪೂ ಆಗಬೇಕು. ಆಕೆಗೆ ಲಂಡನ್ ಇರಲಿಲ್ಲ, ದುಃಖ ಬರೆದು ಕಳುಹಿಸಲು ಒಬ್ಬ ಗೆಳತಿಯೂ ಇದ್ದಳೋ ಇಲ್ಲವೋ. ಹೆಣ್ಣುಮಕ್ಕಳ ಓದಿಗಾಗಿ ಬರೆದ ಅತಿಯಾ ಈ ಕಡೆಗೆ ಕಣ್ಣು ಹಾಯಿಸಲಿಲ್ಲ ಎಂಬುದು ಪುಸ್ತಕದ ದೊಡ್ಡ ಕೊರತೆ.

ಸಾಹಿತ್ಯ ಚರಿತ್ರೆ ಅತಿಯಾರಿಗೆ ಮಾಡಿದ್ದು ಇದಕ್ಕಿಂತ ಬೇರೆಯಲ್ಲ. ಶಿಬ್ಲಿ ನುಅಮಾನಿಯವರು ಪತ್ರ ಬರೆದ ಹೆಣ್ಣು, ಇಕ್ಬಾಲರ ಗೆಳತಿ, ಇಷ್ಟರಲ್ಲೇ ಅವರ ಪರಿಚಯ ಮುಗಿಯುತ್ತಿತ್ತು. ದೇಶ ವಿಭಜನೆಯ ಬಳಿಕ ಕರಾಚಿಗೆ ಹೋದ ಅತಿಯಾ ಕೊಟ್ಟಿದ್ದ ಮನೆಯನ್ನೂ ಕಳಕೊಂಡು 1967ರಲ್ಲಿ ಬಡತನದಲ್ಲಿ ತೀರಿಕೊಂಡರು. ಅವರ ವಿದ್ಯಾರ್ಥಿ ದಿನಚರಿಯತ್ತ ಮತ್ತೆ ಗಮನ ಸೆಳೆದದ್ದು 2010ರಲ್ಲಿ ಸಿಯೊಭಾನ್ ಲ್ಯಾಂಬರ್ಟ್-ಹರ್ಲಿ ಮತ್ತು ಸುನಿಲ್ ಶರ್ಮಾ ಹೊರತಂದ ಇಂಗ್ಲಿಷ್ ಅನುವಾದ. ಇಕ್ಬಾಲರ ಗೆಳತಿಯಾಗಿ ಅಲ್ಲ, ಪ್ರವಾಸಿ ವಿದ್ಯಾರ್ಥಿನಿಯಾಗಿ ಅತಿಯಾರನ್ನು ಓದಿಸುವುದು ಆ ಅನುವಾದದ ಉಪಕಾರ.

ಇಂದು ನಮ್ಮ ಮನೆಗಳ ಹುಡುಗಿಯರೂ ಆರು ತಿಂಗಳು, ಒಂದು ವರ್ಷ ಎಂದು ಹೊರದೇಶಕ್ಕೆ ಓದಲು ಹೋಗುತ್ತಿದ್ದಾರೆ. ಬಂದ ಮೇಲೆ ಎಲ್ಲರೂ ಅನುಭವ ಕೇಳುತ್ತಾರೆ. ಆತ್ಮವಿಶ್ವಾಸ ಬೆಳೆಯಿತು, ಲೋಕ ನೋಡಿದೆ, ಎಲ್ಲರೂ ಒಳ್ಳೆಯವರು ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಾಲೇಜಿನವರಿಗೆ ಒಂದು ವರದಿ, ನೆಂಟರಿಗೆ ಇನ್ನೊಂದು. ಆ ಮಾತುಗಳು ಸುಳ್ಳಲ್ಲ, ಕೇಳುವವರು ಹೊತ್ತುಕೊಳ್ಳಲು ತಯಾರಿರುವಷ್ಟು ತೂಕದವು, ಅಷ್ಟೆ. ಒಂಟಿತನ, ಸಿಟ್ಟು, ಅರ್ಧಕ್ಕೆ ನಿಂತ ಕೋರ್ಸು, ಯಾರೋ ಒಬ್ಬರ ಸ್ನೇಹ ಅವರೊಳಗೇ ಉಳಿಯುತ್ತವೆ.

ಅತಿಯಾರ ಮೊದಲ ನೆನಪು ಮತ್ತು ಎರಡನೆಯ ನೆನಪಿನ ನಡುವೆ ನಲವತ್ತು ವರ್ಷದ ಅಂತರ. ಆ ಅಂತರಕ್ಕೆ ಅತಿಯಾರೊಬ್ಬರೇ ಕಾರಣರಲ್ಲ. ಕೇಳಿಸಿಕೊಳ್ಳುವವರ ಪಾಲು ಅದರಲ್ಲಿ ಹೆಚ್ಚು. ಹೆಣ್ಣುಮಗಳು ಊರಿಗೆ ಮರಳಿ ಮಾತಾಡುವಾಗ ಅವಳ ಕಥೆಯನ್ನು ಅವಳದ್ದಾಗಿಯೇ ಕೇಳುವ ಕಿವಿ ನಮ್ಮ ಮನೆಗಳಲ್ಲಿ ಎಷ್ಟಿವೆ ಎಂಬುದನ್ನು ಓದುಗರೇ ಎಣಿಸಿ ನೋಡಲಿ.