ಲಕ್ಕುಂಡಿಯ ಸಂರಕ್ಷಣೆ: ಒಂದು ವಿಮರ್ಶೆ

ಹೊಂಬಳ ಮೊದಲಾದ ಗದಗ ಸೀಮೆಯ ಊರುಗಳಿಂದ ಲಕ್ಕುಂಡಿಗೆ ಬರುವವರು ಬ್ರಹ್ಮಜಿನಾಲಯ ಮತ್ತು ಕಾಶಿವಿಶ್ವೇಶ್ವರ ಗುಡಿಗಳನ್ನು ಕಂಡೊಡನೆ ಊರನ್ನೇ ಕಂಡೆವೆಂದು ಭಾವಿಸುವುದುಂಟು. ಈ ಭಾವನೆ ನಮ್ಮ ಸಂರಕ್ಷಣಾಪದ್ಧತಿಯಲ್ಲಿಯೂ ನೆಲೆಸಿದೆಯೆಂಬುದು ನಮ್ಮ ಅಭಿಪ್ರಾಯ.

ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತು ಹೆನ್ರಿ ಕಜಿನ್ಸ್ 1926ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಅಭ್ಯಾಸಿಗಳೆಲ್ಲರೂ ಋಣಿಗಳು. ಒಂದೊಂದು ಕಟ್ಟಡವನ್ನೂ ಬಿಡಿಯಾಗಿ ಅಳೆದು ವಿವರಿಸುವ ದೃಷ್ಟಿ ಅದರದು. ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ನುಣುಪಾದ ಬಳಪದ ಕಲ್ಲಿಗೆ ಹೊರಳಿದುದನ್ನೂ ಅದರಿಂದ ಕೆತ್ತನೆ ಸೂಕ್ಷ್ಮವಾದುದನ್ನೂ ಅರಿಯಲು ಇಂತಹ ದೃಷ್ಟಿ ಬೇಕು. ಆದರೆ ಕಲೆಯ ಚರಿತ್ರೆಗೆ ಒದಗುವ ಈ ದೃಷ್ಟಿ ಊರಿನ ಸಂರಕ್ಷಣೆಗೆ ಸಾಲದು. ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿಯ ಮೆಟ್ಟಿಲಿಳಿದವರಿಗೆ ಪ್ರಾಚೀನ ಲೊಕ್ಕಿಗುಂಡಿ ನೀರಿಗಾಗಿ ಎಷ್ಟು ಶ್ರಮಿಸಿದ ಜನವಸತಿಯೆಂಬುದು ತಾನಾಗಿ ತಿಳಿಯುವುದು.

1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಾದ ತಿದ್ದುಪಡಿಯಂತೆ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷಿದ್ಧ ವಲಯ. ಅದರಾಚೆಯ 200 ಮೀಟರು ನಿಯಂತ್ರಿತ ವಲಯ. ಗುಡಿಗಳಿಗೆ ಇದರಿಂದ ರಕ್ಷಣೆ ದೊರೆತಿರುವುದರಲ್ಲಿ ಸಂದೇಹವಿಲ್ಲ. ಆದರೆ ಆ ವಲಯದೊಳಗೆ ತಲೆಮಾರುಗಳಿಂದ ಮನೆ ಮಾಡಿಕೊಂಡವರಿಗೆ ಸ್ಮಾರಕವು ಅಡ್ಡಿಯೆಂದು ತೋರಿದರೆ ಆಶ್ಚರ್ಯವೇನು? ವಲಯದ ಹೊರಗೆ ಬಿದ್ದ ಬಿಡಿಶಿಲ್ಪ, ಹೂಳು ತುಂಬಿದ ಬಾವಿ, ಇವುಗಳ ಗತಿಯೇನು?

ಅಮೆರಿಕದ ಪ್ಯೂಬ್ಲೊ ಜನರ ನೆಲೆಗಳು ಇಲ್ಲಿ ಹೋಲಿಕೆಗೆ ಒದಗುತ್ತವೆ. ಹದಿಮೂರನೆಯ ಶತಮಾನದ ಕೊನೆಗೆ ಜನರು ತೊರೆದುಹೋದ ಮೆಸಾ ವರ್ಡೆಯನ್ನು 1906ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 1992ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದ ಟಾವೊಸ್‌ನಲ್ಲಿ ಇಂದಿಗೂ ಜನರು ವಾಸಿಸುತ್ತಾರೆ. ಮಣ್ಣಿನ ಗೋಡೆಗಳನ್ನು ತಾವೇ ಮೆತ್ತುತ್ತಾರೆ. ಸಂದರ್ಶಕರಿಗೆ ಊರು ಯಾವಾಗ ತೆರೆದಿರಬೇಕೆಂಬುದನ್ನೂ ಅವರೇ ನಿರ್ಧರಿಸುತ್ತಾರೆ. ಲಕ್ಕುಂಡಿ ಹಾಳೂರಲ್ಲವಾದುದರಿಂದ ಅದಕ್ಕೆ ಸಲ್ಲುವುದು ಈ ಎರಡನೆಯ ಮಾದರಿ.

ಇದಕ್ಕೆ ನಮ್ಮಲ್ಲಿಯೇ ನಿದರ್ಶನವುಂಟು. 1007ರ ಸುಮಾರಿಗೆ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಕೃತಿಯನ್ನು ಉಳಿಸಲು ಅದನ್ನು ಅನೇಕರ ಕೈಗೆ ಒಪ್ಪಿಸುವುದೇ ದಾರಿಯೆಂದು ಆಕೆ ಅರಿತಿದ್ದಳು. ಅಂತೆಯೇ ಊರಿನ ಪ್ರತಿಯೊಂದು ಬಿಡಿಗಲ್ಲು ಹಾಗೂ ಬಾವಿಯ ದಾಖಲೆ ಗ್ರಾಮ ಪಂಚಾಯತಿಯಲ್ಲಿ ಕನ್ನಡದಲ್ಲಿರಬೇಕು. ಅದರ ಪ್ರತಿಗಳು ಶಾಲೆಗಳಲ್ಲಿರಬೇಕು. ಸಂದರ್ಶಕರ ಕಾಣಿಕೆಯಲ್ಲಿ ಊರಿಗೂ ಪಾಲು ಸಲ್ಲಬೇಕು. ಸ್ಮಾರಕಗಳ ಪಟ್ಟಿಯಲ್ಲಿ ಹೆಸರಿಲ್ಲದ ಸುತ್ತಣ ಹಳ್ಳಿಗಳೂ ಈ ಕ್ರಮವನ್ನು ಅನುಸರಿಸುವುದು ಅವಶ್ಯ.